ಶ್ರೀದೇವಿಯ ಲೆಕ್ಕದಲ್ಲಿ ಹೋದವರು

ನವೆಂಬರ್ ೧೨, ೨೦೨೪

ಬೆಳಗಿನಿಂದ ಕರೆಂಟಿಲ್ಲ. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚಿದರೆ ನಮ್ಮ ಬನಹಟ್ಟಿ ಬೇರೆ ಯಾರದೋ ಊರಾಗಿ ಕಾಣುತ್ತದೆ. ಅಂಗಳದಲ್ಲಿ ಕೂತಿದ್ದ ನಮ್ಮತ್ತೆ ಯಂಕವ್ವ ಪಕ್ಕದ ಮನೆಯವಳ ಗುಟ್ಟೊಂದನ್ನು ನನ್ನ ಕಿವಿಯಲ್ಲಿ ಹೇಳಲು ಹೋದರು. ಗುಟ್ಟಿನ ಒಡತಿಯೇ ಗೋಡೆಯಾಚೆಯಿಂದ, "ಅದು ಹಂಗಲ್ಲ ಯಂಕವ್ವಾ, ಪೂರ್ತಿ ಕೇಳು" ಎಂದಳು. ಸಪ್ಪಳದಲ್ಲೇ ಬಾಳಿದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ.

ಕೆಲಸವಿಲ್ಲವೆಂದು ಈ ವಹಿ ತೆಗೆದು ಕೂತಿದ್ದೇನೆ.

ಊಟದ ಹೊತ್ತಿಗೆ ನಾದಿನಿ ಶ್ರೀದೇವಿ ಫೋನು ಹಿಡಿದುಕೊಂಡು ಓಡಿ ಬಂದಳು. ಬೀಳಗಿ ಕಡೆಯ ಕುರುಚಲು ಅಡವಿಯಲ್ಲಿ ಜಿಂಕೆ ಜಾತಿಯ ಚಿಗರಿ ತೋರಿಸಲು ಅರಣ್ಯದವರು ವ್ಯಾನು ಬಿಟ್ಟಿದ್ದಾರಂತೆ. ಅದರ ಕೆಳಗೆ ಇನ್ನೊಂದು ಸಾಲು: ಅಂಗವಿಕಲರಿಗೂ ಅವರ ಸಂಗಡ ಬಂದ ಮನೆಯವರಿಗೂ ಪ್ರವೇಶ ಉಚಿತ. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಮ್ಮೆಲ್ಲರ ಮುಖ ನೋಡಿದಳು.

"ವೈನಿ, ನಿಮ್ಮನ್ನೆಲ್ಲಾ ನಾ ಕರ್ಕೊಂಡ ಹೋಗ್ತೀನಿ. ಎಲ್ಲಾರೂ ನನ್ನ ಲೆಕ್ಕದಾಗ!"

ಆರು ವರ್ಷದವಳಿದ್ದಾಗ ಜ್ವರ ಬಂದು ಅವಳ ಎರಡೂ ಕಿವಿ ಹೋದವು. ಆ ಮೊದಲು ಕಲಿತ ಮಾತು ಉಳಿದಿದೆ. ಆದರೆ ದನಿ ಏರಬೇಕಾದಲ್ಲಿ ಇಳಿಯುತ್ತದೆ, ಇಳಿಯಬೇಕಾದಲ್ಲಿ ಏರುತ್ತದೆ. ನಮ್ಮ ಮಾತನ್ನು ಬಾಯಿ ನೋಡಿ ತಿಳಿದುಕೊಳ್ಳುತ್ತಾಳೆ.

"ಏನವಾ, ದೊಡ್ಡ ಸಾವಕಾರ್ತಿ ಆದಿ!" ಎಂದರು ಇವರು.

"ಹೂಂ. ನೀ ಬರೂದಿದ್ರ ಜಳಕಾ ಮಾಡ್ಕೊಂಡ ಬಾ ಅಣ್ಣಾ. ಚಿಗರಿ ವಾಸನಿ ಹಿಡದ ಓಡತಾವಂತ."

ಅವಳ ಕಾರ್ಡು ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗಿದೆ. ಹೋದ ವರ್ಷ ಬಾಗಲಕೋಟೆಗೆ ಕರೆದುಕೊಂಡು ಹೋಗಿ ಕಿವಿ ತಪಾಸಣೆ ಮಾಡಿಸಿ ಅದನ್ನು ತೆಗೆಸಿದವಳು ನಾನೇ. ಅತ್ತೆಗೆ ಬೇಡವಾಗಿತ್ತು. "ಸರಕಾರದವ್ರ ಬರದ ಕೊಟ್ಟ ಮ್ಯಾಲ ಮುಗೀತು, ಪಾಪದ ಹುಡುಗೀನ ಯಾರ ಮಾಡ್ಕೋತಾರ?" ಎಂದಿದ್ದರು. ಲಗ್ನವಾಗುವ ತನಕ ಅದು ಹೊರಗೆ ಬರಬಾರದೆಂದು ಮಾತಾಗಿತ್ತು. ಇವತ್ತು ಶ್ರೀದೇವಿ ಅದನ್ನು ಕೇಳಿ ಇಸಿದುಕೊಂಡಳು. ಅದರಲ್ಲಿನ ತನ್ನ ಫೋಟೋ ನೋಡಿ, "ಕಳ್ಳರ ಹಂಗ ಕಾಣ್ತೀನಿ" ಎಂದು ನಕ್ಕಳು.

ನವೆಂಬರ್ ೧೪

ಎಲ್ಲ ಅತ್ತೆಯ ಬಾಯಿಂದ ಆದದ್ದು.

ದೀಪಾವಳಿ ಮುಗಿದ ಮೇಲೆ ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಗಳ ಮನೆಯಿಂದ ಶ್ರೀದೇವಿಯನ್ನು ನೋಡಿಹೋಗಿದ್ದಾರೆ. ಹುಡುಗನ ಹೆಸರು ಕಲ್ಮೇಶ. ಅವನ ತಾಯಿ ಮುತ್ತವ್ವ ಇವತ್ತು ಫೋನು ಮಾಡಿದಾಗ ಅತ್ತೆ ಅಡವಿಗೆ ಹೋಗುವ ಸುದ್ದಿಯನ್ನೆಲ್ಲ ಹೇಳಿಬಿಟ್ಟರು. ಮುತ್ತವ್ವನಿಗೆ ಹಿಗ್ಗು. "ನಾನೂ ನನ್ನ ಮಗಾನೂ ಬರ್ತೀವಿ ತಗೋರಿ. ಹುಡುಗ ಹುಡುಗಿ ನಾಕ ಮಾತ ಆಡ್ಲಿ."

ತೊಂದರೆ ಏನೆಂದರೆ, ಆ ಮನೆಯವರಿಗೆ ನಾವು ಪೂರ್ತಿ ಹೇಳಿಲ್ಲ. ನೋಡಲು ಬಂದ ದಿನ ಅತ್ತೆ, "ನಮ್ಮ ಹುಡಗೀದು ಮಗ್ಗದ ಕಿವಿ ನೋಡ್ರಿ, ಸ್ವಲ್ಪ ಜೋರ ಮಾತಾಡಬೇಕು" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಮಗ್ಗದ ಮನೆಯಲ್ಲಿ ಯಾರ ಕಿವಿ ನೆಟ್ಟಗಿರುತ್ತದೆ? ನನಗೂ ಎಡಗಿವಿ ಮಂದ. ಬೆಲ್ಲದವರಿಗೆ ಅದೇನು ಗೊತ್ತು. ಶ್ರೀದೇವಿ ಆಗ ಒಳಗೆ ಸೀರೆ ಉಡುತ್ತಿದ್ದಳು. "ಎಲ್ಲಾ ಹೇಳೀವಿ, ಅವ್ರು ಒಪ್ಯಾರ" ಎಂದು ಅವಳಿಗೆ ತಿಳಿಸಿದವಳು ನಾನು. ಆ ದಿನ ಅವಳು ಹೊರಗೆ ಬಂದು ಕೂತ ರೀತಿ ನೋಡಿ ನನಗೇ ಸಂತೋಷವಾಗಿತ್ತು. ಅಂಜಿಕೆಯಿಲ್ಲದೆ, ಎಲ್ಲರ ಬಾಯಿಯನ್ನೂ ನೇರವಾಗಿ ನೋಡುತ್ತ ಕೂತಿದ್ದಳು.

"ಕಾರ್ಡ ತೋರ್ಸೂದು ಬ್ಯಾಡ. ಟಿಕೀಟ ತಗಸಿದ್ರಾತು" ಎಂದರು ಇವರು.

"ಶ್ರೀದೇವಿ ಕೇಳಿದ್ರ ಏನ ಹೇಳ್ಲಿ?"

"ಅದನ್ನ ನೀ ನೋಡ್ಕೋ."

ಈ ಮನೆಯಲ್ಲಿ ನೋಡಿಕೊಳ್ಳುವುದೆಲ್ಲ ನನ್ನ ಪಾಲಿಗೆ.

ನವೆಂಬರ್ ೧೭, ರವಿವಾರ

ಹೋಗಿ ಬಂದೆವು. ಕೆಟ್ಟದ್ದೇನೂ ಆಗಲಿಲ್ಲ.

ಕ್ರೂಸರ್ ಗಾಡಿ ಮಾಡಿಕೊಂಡು ಮುಧೋಳದ ಮೇಲೆ ಹೋದೆವು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಮುಂದೆ ಹೋಗಲಾರವು, ಹಿಂದಿನವರಿಗೆ ದಾರಿ ಬಿಡಲಾರವು. ಮುತ್ತವ್ವ ಒಂದು ಡಬ್ಬಿ ಕರದಂಟು ತಂದಿದ್ದರು. ಶ್ರೀದೇವಿ ಹಸಿರು ಸೀರೆ ಉಟ್ಟಿದ್ದಳು, ತಾನೇ ನೇಯ್ದದ್ದು. ಕಲ್ಮೇಶ ಒಳ್ಳೆಯ ಹುಡುಗ. ಅವಳು ಕಿಟಕಿಯ ಕಡೆ ಕೂತದ್ದಕ್ಕೆ ಎದುರಿನ ಸೀಟಿಗೆ ಬಂದು, ಮುಖ ಕಾಣುವಂತೆ ಕೂತು ಮಾತಾಡಿದ. ಮಂದ ಕಿವಿಗೆಂದೇ ಹಾಗೆ ಮಾಡಿದನೋ, ನೋಡಬೇಕೆಂದು ಮಾಡಿದನೋ.

ಅಡವಿಯ ಗೇಟಿಗೆ ಮುಟ್ಟಿದಾಗ ಬಿಸಿಲೇರಿತ್ತು. ಶ್ರೀದೇವಿ ತನ್ನ ಚೀಲದಿಂದ ಕಾರ್ಡು ತೆಗೆದು ಎರಡೂ ಕೈಯಿಂದ ನನಗೆ ಕೊಟ್ಟಳು.

"ನೀ ತೋರ್ಸು ವೈನಿ. ಮಂದ್ಯಾಗ ನನ್ನ ದನಿ ಛಲೋ ಇಲ್ಲ."

ಅವಳೂ ಉಳಿದವರೂ ಆಚೆಯ ಬೇವಿನ ಗಿಡದ ನೆರಳಿಗೆ ಹೋದರು. ನಾನು ಟಿಕೀಟಿನ ಕಿಟಕಿಗೆ ಹೋದೆ. ಮುತ್ತವ್ವ ಬೇಡವೆಂದರೂ ಕೇಳದೆ, "ಅರ್ಧಾ ನಾ ಕೊಡ್ತೀನಿ" ಎನ್ನುತ್ತ ನನ್ನ ಹಿಂದೆಯೇ ಬಂದರು. ಒಳಗಿದ್ದವನು ಬಹಳ ಮರ್ಯಾದಸ್ಥ. ತಾನಾಗಿಯೇ ಕೇಳಿದ:

"ನಿಮ್ಮ ಪೈಕಿ ಯಾರರೆ ಅಂಗವಿಕಲರು ಅದಾರೇನ್ರಿ? ಕಾರ್ಡ ಇದ್ರ ಮನಿಯವ್ರಿಗೆಲ್ಲಾ ಪುಕ್ಕಟ ಐತಿ."

ಮುತ್ತವ್ವ ನನ್ನ ಮುಖ ನೋಡಿದರು. ನಾನು ಅವರ ಕಡೆ ತಿರುಗಿ, ನಕ್ಕು, ದನಿ ಎತ್ತದೆ ಹೇಳಿದೆ.

"ಇಲ್ರಿ. ನಮ್ಮ ಮನ್ಯಾಗ ಅಂಥಾವ್ರು ಯಾರೂ ಇಲ್ಲ."

"ಪುಣ್ಯಾವಂತ್ರ ಬಿಡ್ರಿ" ಎಂದರು ಮುತ್ತವ್ವ.

ಟಿಕೀಟು ತೆಗೆದುಕೊಂಡೆ. ಅಷ್ಟೇ ಆದದ್ದು. ಇದರಲ್ಲಿ ಯಾರಿಗೆ ಏನು ಹಾನಿಯಾಯಿತು? ಪುಕ್ಕಟೆ ಹೋಗುವವರು ರೊಕ್ಕ ಕೊಟ್ಟು ಹೋದೆವು. ಸರಕಾರಕ್ಕೇ ಲಾಭ.

ವ್ಯಾನಿನಲ್ಲಿ ತೋರಿಸುವವನು, "ಸಪ್ಪಳ ಮಾಡಬ್ಯಾಡ್ರಿ, ಚಿಗರಿ ಕಿವಿ ಭಾಳ ಸೂಕ್ಷ್ಮ" ಎಂದ. ಅತ್ತೆ ಪಿಸುಮಾತಿನಲ್ಲಿ, "ಏನಂದಾ?" ಎಂದರು. ಜಾಲಿಯ ಕಂಟಿಯೊಂದರಿಂದ ಹಕ್ಕಿಗಳೆಲ್ಲ ಎದ್ದುಹೋದವು. ಇವರು ಅತ್ತೆಗೆ ಸುಮ್ಮನಿರಲು ಹೇಳಿದ್ದಕ್ಕೆ ಇನ್ನೊಂದು ಕಂಟಿ ಖಾಲಿಯಾಯಿತು. ಆ ಮನುಷ್ಯ ಕಡೆಗೆ ಕೈಮುಗಿದ. ಮಧ್ಯಾಹ್ನದವರೆಗೆ ತಿರುಗಿದರೂ ಒಂದು ಚಿಗರಿಯ ಬಾಲವೂ ಕಾಣಲಿಲ್ಲ.

ಶ್ರೀದೇವಿ ಹೊರಗೆ ನೋಡುತ್ತ ಕೂತುಬಿಟ್ಟಿದ್ದಳು. ಒಮ್ಮೆ ಅವಳ ಕಣ್ಣು ದೂರದ ಕಂಟಿಯೊಂದರ ಹಿಂದೆ ಏನನ್ನೋ ಹಿಡಿದು ಮೆಲ್ಲಗೆ ಬಲದಿಂದ ಎಡಕ್ಕೆ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಅವಳ ಭುಜ ಮುಟ್ಟಿ, "ಏನೈತಿ?" ಎಂದು ಕೇಳಿದೆ. ಏನಿಲ್ಲವೆಂದು ತಲೆಯಾಡಿಸಿದಳು. ಬಿಸಿಲಿಗೆ ತಲೆನೋವು ಬಂದಿರಬೇಕು. ಬರುವಾಗಲೂ ಕಿಟಕಿಯಾಚೆಯೇ ನೋಡುತ್ತಿದ್ದಳು. ಕಾರ್ಡು ವಾಪಸು ಕೇಳಲಿಲ್ಲ, ನನ್ನ ಚೀಲದಲ್ಲೇ ಇದೆ.

ಮುತ್ತವ್ವ ಇಳಿಯುವಾಗ, ಸಕ್ಕರೆ ಹಂಚಲು ದಿನ ನೋಡಿಸುತ್ತೇನೆ ಎಂದರು. ಅಂದರೆ ಲಗ್ನ ಗಟ್ಟಿ. ಎಲ್ಲ ಒಳ್ಳೆಯದೇ ಆಯಿತು.

ನವೆಂಬರ್ ೧೯

ಎರಡು ದಿನವಾಯಿತು, ಶ್ರೀದೇವಿ ನನ್ನ ಮುಖ ನೋಡುತ್ತಿಲ್ಲ. ರೊಟ್ಟಿ ಹಾಕಿದರೆ ಗಂಗಾಳ ನೋಡುತ್ತಾಳೆ. ನೂಲಿನ ಕಂಡಿಕೆ ಕೊಟ್ಟರೆ ಕೈ ನೋಡುತ್ತಾಳೆ.

ನವೆಂಬರ್ ೨೨

ಇವತ್ತು ನನಗೆ ತಿಳಿಯಿತು.

ನಾಲ್ಕೂ ಮಗ್ಗ ನಡೆದಿದ್ದವು. ನನ್ನ ಮಗ್ಗದ ಲಾಳಿ ಸವೆದು ಎಳೆ ಹರಿಯುತ್ತಿತ್ತು. ಷೆಡ್ಡಿನ ಆ ತುದಿಯಲ್ಲಿ ಬೀಮ್ ಕಟ್ಟುತ್ತಿದ್ದ ಇವರಿಗೆ, ಎಲ್ಲರೂ ಮಾಡುವಂತೆ, ದನಿಯಿಲ್ಲದೆ ಬರೀ ಬಾಯಿ ಆಡಿಸಿ, "ಲಾಳಿ ಬದಲಿ ಮಾಡ್ರಿ" ಎಂದೆ. ಇವರು ಅಲ್ಲಿಂದಲೇ ತಲೆಯಾಡಿಸಿದರು. ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಅಡವಿಯ ಟಿಕೀಟಿನ ಕಿಟಕಿಯಿಂದ ಆ ಬೇವಿನ ಗಿಡ ಇದಕ್ಕಿಂತ ದೂರವೇನೂ ಇರಲಿಲ್ಲ.

ನಾನು ಬೀಳಗಿ ಕಡೆಯ ಹಳ್ಳಿಯವಳು. ಮದುವೆಯಾಗಿ ಬಂದ ಹೊಸತರಲ್ಲಿ ಈ ಷೆಡ್ಡಿನೊಳಗೆ ಯಾರು ಏನಂದರೂ ತಿಳಿಯದೆ ಅಳು ಬರುತ್ತಿತ್ತು. ಆಗ ಲಂಗ ಹಾಕಿದ ಶ್ರೀದೇವಿ ನನ್ನ ಗದ್ದ ಹಿಡಿದು, "ಬಾಯಿ ದೊಡ್ಡದ ತಗಿ ವೈನಿ. ಅಕ್ಷರಾ ನುಂಗಬ್ಯಾಡ" ಎಂದು ಕಲಿಸಿದಳು. ದನಿ ಸಣ್ಣದು ಮಾಡಿದಷ್ಟೂ ಬಾಯಿ ಅಗಲ ಮಾಡುವುದು ಆಗ ಬಂದ ರೂಢಿ. ಅವತ್ತು ಕಿಟಕಿಯಲ್ಲಿ ದನಿ ಸಣ್ಣದು ಮಾಡಿದೆ. ಒಂದು ಅಕ್ಷರವನ್ನೂ ನುಂಗಿರಲಿಕ್ಕಿಲ್ಲ.

ತನ್ನ ದನಿ ಚೆನ್ನಾಗಿಲ್ಲವೆಂದು ಅವಳು ತನ್ನ ಮಾತನ್ನು ನನ್ನ ಬಾಯಿಗೆ ಒಪ್ಪಿಸಿದ್ದಳು.

ನವೆಂಬರ್ ೨೩

ಬಾವಿಕಟ್ಟೆಯ ಹತ್ತಿರ ಅಡ್ಡ ನಿಂತೆ. "ಶ್ರೀದೇವಿ, ನನ್ನ ಕಡೆ ನೋಡು" ಎಂದೆ. ಅವಳು ಕೊಡದ ಕಡೆ ನೋಡಿದಳು. ಬಗ್ಗಿ ಅವಳ ಮುಖದ ಕೆಳಗೆ ಮುಖ ಒಡ್ಡಿದೆ. ಕಣ್ಣು ಮುಚ್ಚಿಕೊಂಡಳು.

ನಮ್ಮ ಕಿವಿಗೆ ಬಾಗಿಲಿಲ್ಲ. ಅವಳಿಗಿದೆ. ಅದನ್ನು ಇಷ್ಟು ವರ್ಷ ನಮ್ಮ ಯಾರ ಮೇಲೂ ಹಾಕಿರಲಿಲ್ಲ.

"ಕೆಲಸ ಐತ್ರಿ" ಎಂದು ಹೋದಳು.

ನವೆಂಬರ್ ೨೭

ಡಿಸೆಂಬರ್ ಎಂಟಕ್ಕೆ ಸಕ್ಕರೆ ಹಂಚುವುದೆಂದು ಆಗಿದೆ. ಅತ್ತೆ ಇಡೀ ಓಣಿಗೆ ಹೇಳಿ ಬಂದರು.

ಇವರಿಗೆ ಎಲ್ಲ ಹೇಳಿದೆ. ಅವಳು ನನ್ನ ಬಾಯಿ ಓದಿದ್ದಾಳೆ, ನಾವು ಅವಳಿಗೂ ಅವರಿಗೂ ಸುಳ್ಳು ಹೇಳಿದ್ದು ಅವಳಿಗೆ ಗೊತ್ತಾಗಿದೆ ಎಂದೆ.

"ತಿಳದ್ರ ತಿಳೀಲಿ. ಲಗ್ನ ಆದ ಮ್ಯಾಲ ಆಕೀನ ನಿನ್ನ ಕಾಲ ಹಿಡೀತಾಳ."

"ಅಲ್ಲಿ ಹೋದ ಮ್ಯಾಲ ಮುತ್ತವ್ವಾರಿಗೆ ಗೊತ್ತಾದ್ರ?"

"ಆವಾಗ ಆಕಿ ಅವರ ಸೊಸಿ. ಏನ ಮಾಡ್ತಾರ?"

ಏನು ಮಾಡುತ್ತಾರೆ ಎಂಬುದೇ ನನ್ನ ಚಿಂತೆ. ಸುಳ್ಳು ಹೇಳಿದವರು ನಾವು. ದಿನಾ ಅದನ್ನು ಉಣ್ಣುವವಳು ಅವಳು. ಬೆನ್ನ ಹಿಂದೆ ಮಾತಾಡುವ ಮನೆಯಲ್ಲಿ ಬೆನ್ನಿಗೆ ಕಣ್ಣಿಲ್ಲದವಳು ಹೇಗೆ ಬಾಳುತ್ತಾಳೆ?

ರೊಟ್ಟಿ ಒಳಗೆ ಹೋಗುತ್ತಿಲ್ಲ.

ಡಿಸೆಂಬರ್ ೨

ಕುಪ್ಪಸದ ಬಟ್ಟೆ ತರುತ್ತೇನೆಂದು ಹೇಳಿ ಮಹಾಲಿಂಗಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಇಳಿಯುವ ಹೊತ್ತಿಗೆ ಒಂದೂ ನೆನಪಿರಲಿಲ್ಲ.

ಅಂಗಡಿಯ ಹಿಂದೆಯೇ ಅವರ ಮನೆ. ಬೆಲ್ಲದ ವಾಸನೆ ಪಡಸಾಲೆಯ ತನಕ ಬರುತ್ತದೆ. ಕಲ್ಮೇಶ ಮಾರ್ಕೆಟ್ಟಿಗೆ ಹೋಗಿದ್ದ. ಮುತ್ತವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ನೋಡಿ ಎದ್ದೇಬಿಟ್ಟರು.

"ಬರ್ರೀ ಬರ್ರೀ! ಹೇಳಿ ಕಳಿಸಿದ್ರ ಹುಡುಗನ್ನ ಸ್ಟ್ಯಾಂಡಿಗೆ ಕಳಸ್ತಿದ್ನಿ."

"ಮುತ್ತವ್ವಾರ, ಒಂದ ಮಾತ ಹೇಳಾಕ ಬಂದೇನಿ. ನಮ್ಮ ಶ್ರೀದೇವಿಗೆ ಕಿವಿ ಮಂದ ಅಲ್ಲ. ಕೇಳೂದೇ ಇಲ್ಲ."

"ಅಂದ್ರ? ಏನೂ?"

"ಏನೂ."

ಮೊರ ಕೆಳಗಿಟ್ಟರು. "ಮಗ್ಗದ ಕಿವಿ ಅಂದ್ರಲ್ಲ ನಿಮ್ಮತ್ತಿ."

"ಸುಳ್ಳ ಹೇಳಿದ್ವಿ. ಅವತ್ತ ಕಿಡಕ್ಯಾಗ ನಾನೂ ಸುಳ್ಳ ಹೇಳಿದ್ನಿ. ಕಾರ್ಡ ನನ್ನ ಚೀಲದಾಗ ಇತ್ತು."

"ಗಾಡ್ಯಾಗ ನಾ ಆಕಿ ಜೋಡಿ ಅಷ್ಟೆಲ್ಲಾ ಮಾತಾಡಿದ್ನಲ್ಲ ಮತ್ತ?"

"ನಿಮ್ಮ ಬಾಯಿ ನೋಡಿ ತಿಳ್ಕೊಂಡಾಳ್ರಿ."

ಮುತ್ತವ್ವ ತಮಗರಿಯದೆಯೇ ಸೆರಗು ತೆಗೆದು ಬಾಯಿಗೆ ಹಿಡಿದರು.  ಆಮೇಲೆ, "ಚಾ ಕುಡದ ಹೋಗ್ರಿ" ಎಂದರು. ಚಹಾ ಬಂತು. ಕುಡಿದೆ. ಅವರು ಮತ್ತೆ ಮೊರ ಎತ್ತಿಕೊಂಡರು.

ಆದರೂ ಬಸ್ಸಿನಲ್ಲಿ ಬರುವಾಗ ಎದೆ ಹಗುರಾಗಿತ್ತು. ಇನ್ನು ಏನಾದರೂ ಆಗಲಿ, ನನ್ನ ಕಡೆಯಿಂದ ಮುಚ್ಚಿಟ್ಟದ್ದು ಉಳಿಯಲಿಲ್ಲ. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಕುಪ್ಪಸದ ಬಟ್ಟೆ ತರುವುದು ಮರೆತಿತ್ತು. ಅತ್ತೆ ಬೈದರು. ಅದೂ ಚೆನ್ನಾಗಿಯೇ ಕೇಳಿಸಿತು.

ನಾಳೆ ಶ್ರೀದೇವಿಗೆ ಹೇಳಬೇಕು. ಇನ್ನಾದರೂ ನನ್ನ ಕಡೆ ನೋಡುತ್ತಾಳೆ.

ಡಿಸೆಂಬರ್ ೩

ನೋಡಿದಳು.

ಊಟಕ್ಕೆಂದು ಮಗ್ಗ ನಿಲ್ಲಿಸಿದಾಗ ಅವಳ ಎರಡೂ ಕೈ ಹಿಡಿದುಕೊಂಡೆ. "ನಿನ್ನೆ ಮಹಾಲಿಂಗಪುರಕ್ಕ ಹೋಗಿದ್ನಿ. ಮುತ್ತವ್ವಾರ ಮುಂದ ಎಲ್ಲಾ ಖರೇ ಹೇಳಿ ಬಂದೀನಿ." ಮಹಾಲಿಂಗಪುರ ಎಂಬ ಮಾತಿಗೇ ಅವಳ ಕಣ್ಣು ನನ್ನ ಬಾಯಿಗೆ ಬಂದಿತ್ತು.

"ಯಾರ ಮುಂದ?"

"ಮುತ್ತವ್ವಾರ ಮುಂದ."

"ಯಾರು ಹೇಳಂದ್ರು ನಿಮಗ?"

"ಯಾರೂ ಅನ್ನಲಿಲ್ಲ. ನನ್ನ ಮನಸಿಗೆ ಸಮಾಧಾನ ಇರ್ಲಿಲ್ಲ ಶ್ರೀದೇವಿ."

"ನಿಮ್ಮ ಮನಸಿಗೆ."

ಮಗ್ಗಗಳು ನಿಂತಿದ್ದವು. ಅವಳ ದನಿ ಎಷ್ಟು ದೊಡ್ಡದಾಗಿದೆಯೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಓಣಿಯಲ್ಲಿ ಹೋಗುವವರು ನಿಂತು ಕೇಳಿದರು.

"ಕಲ್ಮೇಶಗ ನಾ ಹೇಳೀನಿ. ಅಡವ್ಯಾಗಿಂದ ಬಂದ ದಿನಾನೇ ಫೋನದಾಗ ಬರದ ಕಳಿಸೀನಿ. ನನಗ ಏನೂ ಕೇಳೂದಿಲ್ಲ, ನಮ್ಮ ಮನಿಯವ್ರು ನಿಮಗ ಸುಳ್ಳ ಹೇಳ್ಯಾರ ಅಂತ. ಅವಾ, ಇರ್ಲಿ ಅಂದಾನ. 'ನಮ್ಮವ್ವಗ ನಾನೇ ಹೇಳ್ತೀನಿ, ಸಕ್ಕರಿ ಹಂಚೂದರೊಳಗ ಒಪ್ಪಸ್ತೀನಿ, ಅಲ್ಲೀತನಾ ಯಾರೂ ಬಾಯಿ ಬಿಡಬ್ಯಾಡ್ರಿ, ಮಂದಿ ಬಾಯಿಂದ ಕೇಳಿದ್ರ ಆಕಿ ಒಪ್ಪಾಕಿ ಅಲ್ಲ' ಅಂದಿದ್ದ."

ನನ್ನ ಕೈಯೊಳಗಿಂದ ಅವಳ ಕೈ ಯಾವಾಗ ಹೋಯಿತೋ ನೋಡಲಿಲ್ಲ.

"ನನಗ ಹೇಳಬೇಕಿತ್ತಲ್ಲ ಶ್ರೀದೇವಿ" ಎಂದೆ.

"ನಿಮಗ?" ಎಂದಳು. "ಅಲ್ಲಿ ನನ್ನ ಇಲ್ಲೇ ಇಲ್ಲ ಅಂದ್ರಿ. ಇಲ್ಲಿ ನಾ ಹಿಂಗ ಅದೀನಿ ಅಂದ್ರಿ. ಎರಡೂ ಸಲ ನನ್ನ ಕೇಳಲಿಲ್ಲ."

ಒಳಗೆ ಹೋಗಿ ಊಟಕ್ಕೆ ಕೂತಳು. ಉಂಡಳು ಕೂಡ. ನಾನು ಷೆಡ್ಡಿನಲ್ಲೇ ನಿಂತಿದ್ದೆ.

ನಿನ್ನೆ ಬರೆದದ್ದನ್ನು ಈಗ ತಿರುಗಿ ಓದಿದೆ. ಎದೆ ಹಗುರಾಯಿತಂತೆ. ಹೊಟ್ಟೆ ತುಂಬ ಉಂಡೆನಂತೆ.

ಡಿಸೆಂಬರ್ ೫

ಸಂಬಂಧ ತಂದಿದ್ದ ಮುತ್ತಣ್ಣ ಬಂದ. ಚಹಾ ಕುಡಿದು, ಕಬ್ಬಿನ ಮಾತಾಡಿ, ಎದ್ದು ನಿಂತ ಮೇಲೆ ಹೇಳಿದ: "ಹುಡುಗಗ ಈ ವರ್ಷ ಗುರುಬಲ ಇಲ್ಲಂತ್ರಿ. ಸುಮ್ನ ಅವಸರ ಯಾಕ ಅಂದ್ರು ಮುತ್ತವ್ವಾರು."

ಅತ್ತೆ ಹಣೆ ಹಿಡಿದುಕೊಂಡು ಕೂತರು. ಮುತ್ತಣ್ಣ ಓಣಿ ದಾಟುವ ತನಕ ತಡೆದುಕೊಂಡಿದ್ದ ಇವರು ನನ್ನ ಮೇಲೆ ಬಂದರು.

"ನಿನ್ನ ಬಾಯಿಗೆ ಬೀಗಾ ಹಾಕಿದ್ರ ಏನ ಹೋಗ್ತಿತ್ತಲೇ? ಅಂಥಾ ಮನಿ ಮತ್ತ ಸಿಗತೈತೇನು?"

"ಹೋಗ್ಲಿ ಬಿಡೋ ನೀಲಕಂಠಾ" ಎಂದರು ಅತ್ತೆ, ಅಳುತ್ತ. "ಆಕಿ ಮುಂದ ಹೇಳಬ್ಯಾಡ್ರಿ ಈಗ. ದಿನಾ ಮುಂದ ಹೋಗೈತಿ ಅಂದ್ರಾತು."

ಶ್ರೀದೇವಿ ಷೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದಳು. ಅವಳು ಬಂದದ್ದು ಕಂಡಕೂಡಲೇ ಇಬ್ಬರೂ ರೂಢಿಯಂತೆ ಅವಳಿಗೆ ಬೆನ್ನು ಮಾಡಿ ಮಾತು ಮುಂದುವರಿಸಿದರು. ನಾನೂ ಎಷ್ಟೋ ಸಲ ಹಾಗೆ ಮಾಡಿದ್ದೇನೆ. ಇವತ್ತು ಅವಳ ಕಡೆ ತಿರುಗಿ, ಮುತ್ತಣ್ಣ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. ದಿನ ಮುಂದೆ ಹೋಗಿದೆ ಎಂದು ಹೇಳಿರೆಂದು ಅತ್ತೆ ಅಂದದ್ದನ್ನೂ ಹೇಳಿದೆ.

ಅವಳು ನನ್ನ ಬಾಯಿ ನೋಡಿದಳೋ ಇಲ್ಲವೋ. ನೋಡಿರಬೇಕು. ಒಳಗೆ ಹೋಗಿ ಮಗ್ಗ ಹಚ್ಚಿದಳು.

ಡಿಸೆಂಬರ್ ೬

ಇಡೀ ದಿನ ಇವರು ಮಾತಾಡಲಿಲ್ಲ. ಅತ್ತೆ ಮಾತಾಡಿದರು. ಮಾತಾಡದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ ೧೦

ಅವಳ ಕಾರ್ಡು ಇನ್ನೂ ನನ್ನ ಚೀಲದಲ್ಲೇ ಇತ್ತು. ಟ್ರಂಕಿಗೆ ಹಾಕಲು ಮನಸ್ಸಾಗಲಿಲ್ಲ. ಅವಳ ಮಗ್ಗದ ಹತ್ತಿರ, ಕಂಡಿಕೆಯ ಬುಟ್ಟಿಯಲ್ಲಿ ಇಟ್ಟು ಬಂದೆ. ಸಂಜೆ ನೋಡಿದಾಗ ಇರಲಿಲ್ಲ.

ಕಲ್ಮೇಶ ಈಗಲೂ ಬರೆಯುತ್ತಾನೋ ಬಿಟ್ಟನೋ ಗೊತ್ತಿಲ್ಲ. ಅತ್ತೆ, "ಫೋನ ತಗದ ನೋಡ್ಬಾ, ಆಕಿ ಜಳಕಕ್ಕ ಹೋಗ್ಯಾಳ" ಎಂದರು. ಹಿಟ್ಟು ನಾದುತ್ತಿದ್ದೆ, ಏಳಲಿಲ್ಲ.

ಡಿಸೆಂಬರ್ ೧೬

ರಬಕವಿಯಿಂದ ಅತ್ತೆಯ ತಂಗಿ ಬಂದಿದ್ದರು. ಅವರ ಓಣಿಯಲ್ಲಿ ಒಬ್ಬ ಹುಡುಗನಿದ್ದಾನಂತೆ. ಹೆಂಡತಿ ತೀರಿಕೊಂಡಿದ್ದಾಳೆ, ಒಂದು ಕೂಸಿದೆ, ಸ್ವಂತ ಮಗ್ಗಗಳಿವೆ. "ಕಿವಿ ಇಲ್ಲ ಅನ್ನೂದು ಅವರಿಗೆ ನಡೀತೈತಿ" ಎಂದರು. ಶ್ರೀದೇವಿ ಎದುರಿಗೇ ಶೇಂಗಾ ಸುಲಿಯುತ್ತ ಕೂತಿದ್ದಳು. ಅವಳ ತಲೆಯ ಮೇಲಿಂದ ನನ್ನನ್ನು ಕೇಳಿದರು: "ಆಕಿ ಒಪ್ಪತಾಳೇನ ಮಂಗಲಾ?"

"ನನಗೇನ ಗೊತ್ರಿ, ಆಕೀನ್ನ ಕೇಳ್ರಿ" ಎಂದೆ.

ಅವರಿಗೆ ಯಾಕೋ ಸಿಟ್ಟು ಬಂತು. "ಭಾಳ ಶಾಣ್ಯಾಕಿ ಆಗೀದಿ ಬಿಡು" ಎಂದರು. ನಾನೇನು ತಪ್ಪು ಅಂದೆನೋ ತಿಳಿಯಲಿಲ್ಲ. ಕಡೆಗೆ ಅವಳ ಕಡೆ ತಿರುಗಿ ಕೇಳಿದರು. ಶ್ರೀದೇವಿ ಪೂರ್ತಿ ಕೇಳಿಸಿಕೊಂಡಳು, ಅಂದರೆ ಪೂರ್ತಿ ನೋಡಿದಳು. ಆಮೇಲೆ, "ಆ ಕೂಸು ನನ್ನ ನೋಡೈತೇನು ಚಿಗವ್ವಾ? ಮೊದಲ ಅದನ್ನ ಕೇಳ್ರಿ" ಎಂದಳು. ಅತ್ತೆಗೂ ನಗು ತಡೆಯಲಿಲ್ಲ.

ನನ್ನ ಕಡೆ ನೋಡಿ ನಗಲಿಲ್ಲ. ಆದರೂ ಅದೇ ಕೋಣೆಯಲ್ಲಿ ನಕ್ಕಳು.

ಡಿಸೆಂಬರ್ ೨೨, ರವಿವಾರ

ಶುಕ್ರವಾರ ಊಟಕ್ಕೆ ಕೂತಾಗ ಶ್ರೀದೇವಿ ಹೇಳಿದಳು: "ಅವ್ವಾ, ಅಣ್ಣಾ, ರವಿವಾರ ಅಡವಿಗೆ ಹೋಗೂನು. ಚಿಗರಿ ಎಲ್ಲಿರ್ತಾವ ನನಗ ಗೊತ್ತೈತಿ. ಹ್ವಾದ ಸಲಾನೇ ನೋಡೀನಿ."

"ನೋಡಿದ್ದೀ?" ಎಂದರು ಇವರು. "ಮತ್ತ ನಮಗ ತೋರ್ಸಲಿಲ್ಲ?"

ಅವಳು ರೊಟ್ಟಿ ಮುರಿದಳು.

ನಾನು ನನ್ನ ನೀಲಿ ಸೀರೆ ತೆಗೆದಿಟ್ಟುಕೊಳ್ಳಬೇಕೆಂದು ಏಳುವಷ್ಟರಲ್ಲಿ, "ಮಗ್ಗದ ಮ್ಯಾಲ ಸೀರಿ ಉಳದೈತಿ, ಬುಧವಾರ ಕೊಡಬೇಕು. ವೈನಿ ಇರ್ಲಿ" ಎಂದಳು. "ಪಾಪ, ಆಕೀನೂ ಬರ್ಲೇಳು" ಎಂದರು ಅತ್ತೆ. ಶ್ರೀದೇವಿ ಆಗ ಅತ್ತೆಯ ಬಾಯಿಯ ಕಡೆ ನೋಡುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿ ಕೊಟ್ಟೆ. ಮೂವರೂ ಹೋದರು. ನಾನು ಅವಳ ಮಗ್ಗಕ್ಕೆ ನಿಂತೆ. ಬೇರೆಯವರ ಕೈಗೆ ಹೊಂದಿದ ಮಗ್ಗ ನಮ್ಮ ಮಾತು ಕೇಳುವುದಿಲ್ಲ. ಎಳೆ ಹರಿಯಿತು, ಗಂಟು ಹಾಕಿದೆ, ಮತ್ತೆ ಹರಿಯಿತು. ಒಬ್ಬಳೇ ಇದ್ದದ್ದಕ್ಕೆ ಮನಸ್ಸು ಗೇಟಿನ ತನಕ ಹೋಗಿ ಹೋಗಿ ಬರುತ್ತಿತ್ತು. ಅವಳು ಮೊದಲು ಕರೆದಾಗ ನಾವು ಹೋಗಬೇಕಾಗಿದ್ದದ್ದು ಹೀಗೆಯೇ, ಅವಳ ಹಿಂದೆ. ಆ ದಿನ ಈಗ ಮೂವರಿಗೆ ಸಿಕ್ಕಿದೆ. ನನ್ನ ಪಾಲಿನದು ನಾನೇ ಕಳೆದದ್ದು. ಅಳು ಬಂತು, ಅತ್ತುಬಿಟ್ಟೆ. ಮಗ್ಗ ನಡೆದಿದ್ದರಿಂದ ನನಗೂ ಕೇಳಿಸಲಿಲ್ಲ.

ಬಿಸಿಲು ಇಳಿದ ಮೇಲೆ ಬಂದರು. ಅತ್ತೆ ಅಂಗಳದಿಂದಲೇ ಶುರು ಮಾಡಿದರು.

"ಎಷ್ಟ ಚಂದ ಅಂತಿ ಮಂಗಲಾ! ಆಡಿನ ಮರಿ ಹಂಗ. ನನ್ನ ಬಾಯಿಗೆ ಇಕಿ ಕೈ ಒತ್ತಿ ಹಿಡಿದಿದ್ಲು, ಉಸರಾಡಾಕೂ ಬಿಡಲಿಲ್ಲ."

"ಟಿಕೀಟಿನ ಕಿಡಕಿಗೆ ತಾನೇ ಹೋದ್ಲು" ಎಂದರು ಇವರು, ಚಪ್ಪಲಿ ಕಳಚುತ್ತ. ಬಹಳ ದಿನದ ಮೇಲೆ ನನ್ನ ಮುಖ ನೋಡಿ ಮಾತಾಡಿದರು. "ಆ ಮನಿಷ್ಯಾ ಕಾರ್ಡ ನೋಡಿ, ನನ್ನ ಕಡೆ ತಿರುಗಿ ಏನೋ ಕೇಳಾಕ ಬಂದ. 'ನನ್ನ ಕೇಳ್ರಿ!' ಅಂದ್ಲು. ಅಷ್ಟ ಜೋರ ಅಂದ್ಲಂದ್ರ ಸಾಲಿನ್ಯಾಗ ನಿಂತಾವ್ರೆಲ್ಲಾ ತಿರುಗಿ ನೋಡಿದ್ರು. ಅವಾ ಪಾಪ ಎದ್ದ ನಿಂತ."

"ಆಮ್ಯಾಲ?"

"ಆಮ್ಯಾಲ ಏನು? ಆಕೀನೇ ಹೇಳಿದ್ಲು, ಇವ್ರು ನಮ್ಮವ್ವ, ಇವಾ ನಮ್ಮಣ್ಣ ಅಂತ. ನಾವ ಸುಮ್ನ ಹಿಂದಿಂದ ಹೋದ್ವಿ."

ಶ್ರೀದೇವಿ ಷೆಡ್ಡಿಗೆ ಬಂದಾಗ ನಾನು ತಿರುಗಿ ಮಗ್ಗಕ್ಕೆ ನಿಂತಿದ್ದೆ. ಕೂದಲ ತುಂಬ ಕೆಂಪು ಧೂಳು. ಬಂದವಳೇ ಬಟ್ಟೆಯ ಮೇಲೆ ಅಂಗೈ ಸರಿಸಿದಳು. ಅಲ್ಲಲ್ಲಿ ತಡೆದಳು. ಆಮೇಲೆ ತಲೆಯೆತ್ತಿದಳು.

"ಎಷ್ಟ ಎಳಿ ಹರದಿ?"

ಕೇಳಿ ನನ್ನ ಬಾಯಿ ನೋಡುತ್ತ ನಿಂತಳು. ಹೇಳುವುದೆಷ್ಟೋ ಇತ್ತು. ಅವಳು ಕೇಳಿದ್ದು ಅದನ್ನಲ್ಲ.

"ಭಾಳ" ಎಂದೆ, ದನಿಯಿಲ್ಲದೆ.

ಅವಳ ಕಣ್ಣು ಇನ್ನೂ ನನ್ನ ಬಾಯಿಯ ಮೇಲೇ ಇತ್ತು. ಅದಕ್ಕೇ ಧೈರ್ಯ ಮಾಡಿದೆ.

"ಚಿಗರಿ ಹೆಂಗಿತ್ತು?"

"ಹೇಳಂಗಿಲ್ಲ" ಎಂದಳು. "ನೋಡೂದಿದ್ರ ನೀನೇ ಹೋಗಿ ನೋಡು. ಟಿಕೀಟ ತಗೊಂಡ."

"ಹೋಗ್ತೀನಿ."

ಹೋಗುತ್ತೇನೆ ಎಂಬುದನ್ನು ನೋಡಿಕೊಂಡಳು. ಆಮೇಲೆ ಮೊಣಕೈಯಿಂದ ನನ್ನನ್ನು ಅತ್ತ ನೂಕಿ, ಮಗ್ಗ ನಿಲ್ಲಿಸಿ, ನಾನು ಹರಿದ ಎಳೆಗಳನ್ನು ಹುಡುಕತೊಡಗಿದಳು.